ಮಹಾಮಾರಿಗೆ ಊರಿನ ಹೆಸರೇಕೆ?

ನದೀಮೂಲವನ್ನೂ ಋಷಿಮೂಲವನ್ನೂ ಅರಸಬಾರದೆಂಬುದು ನಮ್ಮ ಹಿರಿಯರ ಮಾತು. ಹರಿಯುವ ನೀರು ನಿರ್ಮಲವಾಗಿದ್ದರೆ ಸಾಕು, ಅದು ಯಾವ ಬಂಡೆಯ ಸಂದಿನಿಂದ ಹೊರಟಿತೆಂಬ ವಿಚಾರಣೆ ಬೇಡ. ಋಷಿಯ ನುಡಿ ಸತ್ಯವಾಗಿದ್ದರೆ ಸಾಕು, ಆತನ ಕುಲಗೋತ್ರಗಳ ಶೋಧನೆ ಬೇಡ ಎಂಬುದು ಆ ಮಾತಿನ ಇಂಗಿತ. ಆದರೆ ರೋಗಮೂಲದ ವಿಷಯದಲ್ಲಿ ಈ ನಿಯಮ ಸಲ್ಲದು. ರೋಗದ ಮೂಲವನ್ನು ಅರಸಲೇಬೇಕು. ನಿದಾನವಿಲ್ಲದ ಚಿಕಿತ್ಸೆ ಕತ್ತಲೆಯಲ್ಲಿ ಬೀಸಿದ ಕೋಲು. ತಗುಲಿದರೆ ಅದೃಷ್ಟ, ತಪ್ಪಿದರೆ ಅನರ್ಥ. ಆದುದರಿಂದಲೇ ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನಕ್ಕೆ ಅಗ್ರಸ್ಥಾನ ದೊರೆತಿದೆ. ಈ ಜ್ವರ ಎಂದಿನಿಂದ, ಎಲ್ಲಿಂದ, ಯಾವುದರಿಂದ ಎಂಬುದೇ ವೈದ್ಯನ ಮೊದಲ ಪ್ರಶ್ನೆ.

ಒಬ್ಬ ರೋಗಿಯ ಮಂಚದ ಬಳಿ ಈ ಪ್ರಶ್ನೆ ಶುದ್ಧವಾಗಿಯೇ ಉಳಿಯುತ್ತದೆ. ದೇಶಕ್ಕೆ ದೇಶವೇ ಹಾಸಿಗೆ ಹಿಡಿದಾಗ ಮಾತ್ರ ಅದು ಮೆಲ್ಲನೆ ರೂಪಾಂತರ ಹೊಂದುತ್ತದೆ. 'ಯಾವುದರಿಂದ' ಎಂಬ ಪ್ರಶ್ನೆ 'ಯಾರಿಂದ' ಎಂದಾಗುತ್ತದೆ. ಮೊದಲನೆಯದು ನಿದಾನ, ಎರಡನೆಯದು ನಿಂದೆ. ಮೊದಲನೆಯದು ರೋಗವನ್ನು ಬೆನ್ನಟ್ಟುತ್ತದೆ, ಎರಡನೆಯದು ಮನುಷ್ಯರನ್ನು. ಈ ಎರಡರ ನಡುವಣ ಭೇದವನ್ನು ಮರೆತ ಸಮಾಜವು ರೋಗವನ್ನು ಗೆಲ್ಲಲಾರದು, ತನ್ನ ಮಾನವನ್ನೂ ಉಳಿಸಿಕೊಳ್ಳಲಾರದು ಎಂಬುದೇ ಈ ಲೇಖನದ ಪ್ರತಿಪಾದ್ಯ ವಿಷಯ.

ಈ ಮಾತನ್ನು ನಿದರ್ಶನಪೂರ್ವಕವಾಗಿ ಪರಿಶೀಲಿಸುವುದಕ್ಕೆ 1918-19ರ ಇನ್‌ಫ್ಲುಯೆಂಜಾ ಮಹಾಮಾರಿಗಿಂತ ತಕ್ಕ ಉದಾಹರಣೆ ದೊರೆಯಲಾರದು. ಜಗತ್ತಿನ ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಅದು ಮುಟ್ಟಿತೆಂದೂ, ಎರಡು ಕೋಟಿಯಿಂದ ಐದು ಕೋಟಿಯವರೆಗೆ, ಕೆಲವರ ಎಣಿಕೆಯಂತೆ ಅದಕ್ಕೂ ಮಿಗಿಲಾಗಿ ಪ್ರಾಣಗಳನ್ನು ಕೊಂಡೊಯ್ದಿತೆಂದೂ ವಿದ್ವಾಂಸರು ಅಂದಾಜು ಮಾಡಿದ್ದಾರೆ. ನಾಲ್ಕು ವರ್ಷಗಳ ಮೊದಲನೆಯ ಮಹಾಯುದ್ಧವು ರಣರಂಗದಲ್ಲಿ ಕೊಂದ ಸೈನಿಕರಿಗಿಂತ ಹೆಚ್ಚು ಜನರನ್ನು ಈ ಜ್ವರ ಕೆಲವೇ ತಿಂಗಳುಗಳಲ್ಲಿ ಕೊಂದಿತು. ಅದರ ಅತ್ಯಂತ ಭಾರವಾದ ಹೊರೆಯನ್ನು ಹೊತ್ತ ದೇಶವೆಂದರೆ ನಮ್ಮ ಭರತಖಂಡವೇ. ಆದರೂ ಇಂದಿಗೂ ಅದಕ್ಕೆ ರೂಢಿಯಲ್ಲಿರುವ ಹೆಸರು 'ಸ್ಪ್ಯಾನಿಷ್ ಫ್ಲೂ'. ಈ ಹೆಸರಿನ ಚರಿತ್ರೆಯೇ ಒಂದು ಪಾಠ.

ನಮ್ಮ ವ್ಯಾಕರಣಕಾರರು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸಿದ್ದಾರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅರ್ಥವನ್ನು ಅನುಸರಿಸಿ ಬಂದದ್ದು ಅನ್ವರ್ಥನಾಮ. 'ಸ್ಪ್ಯಾನಿಷ್ ಫ್ಲೂ' ಎಂಬುದನ್ನು ಕೇಳಿದವರು ಅದನ್ನು ಅನ್ವರ್ಥನಾಮವೆಂದೇ ಭಾವಿಸುತ್ತಾರೆ. ಸ್ಪೇನ್ ದೇಶದಲ್ಲಿ ಹುಟ್ಟಿದ್ದರಿಂದ ಈ ಹೆಸರು ಬಂದಿತೆಂದು ನಂಬುತ್ತಾರೆ. ವಾಸ್ತವಾಂಶ ಬೇರೆಯೇ ಆಗಿದೆ. ಯುದ್ಧದಲ್ಲಿ ತೊಡಗಿದ್ದ ದೇಶಗಳಲ್ಲಿ ಆಗ ಪತ್ರಿಕೆಗಳ ಬಾಯಿ ಕಟ್ಟಿತ್ತು. ತಮ್ಮ ಸೈನಿಕರು ಶಿಬಿರಗಳಲ್ಲಿ ಜ್ವರದಿಂದ ನರಳುತ್ತಿದ್ದಾರೆಂದು ಬರೆದರೆ ಶತ್ರುವಿಗೆ ಧೈರ್ಯ ಬಂದೀತು, ಸ್ವಜನರಿಗೆ ಎದೆಗುಂದೀತು ಎಂಬ ಭಯದಿಂದ ಸರಕಾರಗಳು ಸುದ್ದಿಯನ್ನು ಅದುಮಿಟ್ಟವು. ಸ್ಪೇನ್ ತಟಸ್ಥ ರಾಷ್ಟ್ರವಾಗಿತ್ತು. 1918ರ ಮೇ ತಿಂಗಳಲ್ಲಿ ಮ್ಯಾಡ್ರಿಡ್ ನಗರದಲ್ಲಿ ಜ್ವರ ಹಬ್ಬಿ, ದೊರೆ ಹದಿಮೂರನೆಯ ಆಲ್ಫಾನ್ಸೊ ಕೂಡ ಹಾಸಿಗೆ ಹಿಡಿದಾಗ ಅಲ್ಲಿನ ಪತ್ರಿಕೆಗಳು ಇದ್ದುದನ್ನು ಇದ್ದಂತೆ ಪ್ರಕಟಿಸಿದವು. ಜಗತ್ತು ಈ ಜ್ವರದ ಸುದ್ದಿಯನ್ನು ವಿವರವಾಗಿ ಕೇಳಿದ್ದು ಸ್ಪೇನಿನ ಬಾಯಿಂದ. ಆದುದರಿಂದ ಜ್ವರವೂ ಸ್ಪೇನಿನದೇ ಆಯಿತು. ಮುಚ್ಚಿಟ್ಟವರು ನಿರ್ದೋಷಿಗಳಾಗಿ ಉಳಿದರು. ಹೇಳಿದವರ ಹಣೆಗೆ ಕಳಂಕ ಅಂಟಿತು. ಸತ್ಯವಾದಿತ್ವಕ್ಕೆ ದೊರೆತ ದಂಡನೆ ಎಂದು ಈ ಹೆಸರನ್ನು ಕರೆದರೆ ಉತ್ಪ್ರೇಕ್ಷೆಯಾಗಲಾರದು.

ಇತರರೇನೂ ಹಿಂದುಳಿಯಲಿಲ್ಲ. ಸ್ಪೇನಿನವರು ತಮ್ಮ ಊರಿನಲ್ಲಿ ಆಗ ಜನಪ್ರಿಯವಾಗಿದ್ದ ಗೀತನಾಟಕವೊಂದರ ಹಾಡನ್ನು ನೆನೆದು, ಆ ಹಾಡಿನಂತೆಯೇ ಎಲ್ಲರಿಗೂ ಹತ್ತಿಕೊಳ್ಳುವ ಈ ಬೇನೆಗೆ 'ನೇಪಲ್ಸಿನ ಸೈನಿಕ' ಎಂದರು. ಬ್ರೆಜಿಲಿನವರು ಜರ್ಮನಿಯ ಜ್ವರವೆಂದರು. ಸೆನೆಗಾಲಿನವರು ಬ್ರೆಜಿಲಿನ ಜ್ವರವೆಂದರು. ಪೋಲೆಂಡಿನವರು ಬೋಲ್ಷೆವಿಕರ ರೋಗವೆಂದರು. ನಮ್ಮ ದೇಶದಲ್ಲಿ ಅದು 'ಬಾಂಬೆ ಫೀವರ್' ಅಂದರೆ ಮುಂಬಯಿ ಜ್ವರವಾಯಿತು. ಪ್ರತಿಯೊಬ್ಬರೂ ನೆರೆಯವನ ಕಡೆಗೆ ಬೆರಳು ತೋರಿದರು. ತನ್ನ ಹೆಸರನ್ನು ತಾನೇ ರೋಗಕ್ಕೆ ಇಟ್ಟುಕೊಂಡ ದೇಶ ಒಂದೂ ಇಲ್ಲ. ಇನ್‌ಫ್ಲುಯೆಂಜಾ ಎಂಬ ಪದದ ಮೂಲಾರ್ಥವಾದರೂ 'ಪ್ರಭಾವ' ಎಂದು. ಇಟಲಿಯ ಪೂರ್ವಿಕರು ಈ ಬೇನೆ ಆಕಾಶದ ನಕ್ಷತ್ರಗಳ ಪ್ರಭಾವದಿಂದ ಬರುವುದೆಂದು ಭಾವಿಸಿದ್ದರು. ಗ್ರಹಗಳ ಮೇಲೆ ಹೊರಿಸಿದ್ದ ಆ ಭಾರವನ್ನು ಆಧುನಿಕರು ಇಳಿಸಿ ನೆರೆಯವನ ಮೇಲೆ ಹೊರಿಸಿದರೆಂದರೆ, ಗ್ರಹಗಳಿಗೆ ನೋವಾಗದು, ಮನುಷ್ಯರಿಗೆ ಆಗುತ್ತದೆ ಎಂಬಷ್ಟೇ ವ್ಯತ್ಯಾಸ.

ಹಾಗಾದರೆ ಅದು ನಿಜವಾಗಿ ಹುಟ್ಟಿದ್ದು ಎಲ್ಲಿ? ಪಂಡಿತರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಹ್ಯಾಸ್ಕೆಲ್ ಎಂಬ ಒಕ್ಕಲು ಸೀಮೆಯಲ್ಲಿ 1918ರ ಆರಂಭದಲ್ಲಿಯೇ ತೀವ್ರವಾದ ಜ್ವರವನ್ನು ಕಂಡು ಅಲ್ಲಿನ ವೈದ್ಯರೊಬ್ಬರು ಸರಕಾರಕ್ಕೆ ತಿಳಿಸಿದ್ದರು. ಮಾರ್ಚಿಯಲ್ಲಿ ಅದೇ ಪ್ರಾಂತದ ಫನ್‌ಸ್ಟನ್ ಸೈನಿಕ ಶಿಬಿರದಲ್ಲಿ ಅಂತಹುದೇ ಜ್ವರ ಕಾಣಿಸಿಕೊಂಡಿತು. ಅಲ್ಲಿಯೇ ಮೂಲವೆಂದು ಕೆಲವರು ಹೇಳುತ್ತಾರೆ. ಫ್ರಾನ್ಸಿನ ಎತಾಪ್ಲ್ ಎಂಬಲ್ಲಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದಾಗ, 1916-17ರ ಚಳಿಗಾಲದಲ್ಲಿ ಕಂಡ ಶ್ವಾಸರೋಗವೇ ಇದರ ಪೂರ್ವರೂಪವೆಂದು ಮತ್ತೆ ಕೆಲವರ ಮತ. ಯುದ್ಧಕಾರ್ಯಕ್ಕೆಂದು ಐರೋಪ್ಯ ಭೂಮಿಗೆ ಒಯ್ಯಲ್ಪಟ್ಟ ಚೀನೀ ಕೂಲಿಗಳ ಜೊತೆಯಲ್ಲಿ ಬಂದಿತೆಂಬ ಮತ್ತೊಂದು ವಾದವೂ ಉಂಟು. ಈ ಮೂರರಲ್ಲಿ ಯಾವುದೂ ಸಿದ್ಧಾಂತವಾಗಿ ನಿಂತಿಲ್ಲ. ಆದರೆ ಮೂರನ್ನೂ ಒಟ್ಟಿಗೆ ಇರಿಸಿ ನೋಡಿದರೆ ಒಂದು ಸಾಮಾನ್ಯ ಧರ್ಮ ಗೋಚರವಾಗುತ್ತದೆ. ಮೂರು ಕಡೆಯಲ್ಲಿಯೂ ಯುದ್ಧವಿದೆ. ಸಾವಿರಾರು ತರುಣರನ್ನು ಇಕ್ಕಟ್ಟಾದ ಶಿಬಿರಗಳಲ್ಲಿ, ಹಡಗುಗಳಲ್ಲಿ, ಗಾಡಿಗಳಲ್ಲಿ ತುಂಬಿ ಸಾಗಿಸಿದ ವ್ಯವಸ್ಥೆಯಿದೆ. ಊರು ಯಾವುದೆಂಬುದು ಸಂದಿಗ್ಧ. ಸನ್ನಿವೇಶ ಯಾವುದೆಂಬುದು ಅಸಂದಿಗ್ಧ.

ರೋಗಕಾರಕದ ಶೋಧನೆಯೂ ಹೀಗೆಯೇ ಅಡ್ಡದಾರಿಯಲ್ಲಿ ಸಾಗಿ ಗುರಿ ಮುಟ್ಟಿತು. 1892ರಲ್ಲಿ ಜರ್ಮನಿಯ ಫೈಫರ್ ಎಂಬ ವಿಜ್ಞಾನಿ ರೋಗಿಗಳಲ್ಲಿ ಒಂದು ಸೂಕ್ಷ್ಮಾಣುವನ್ನು ಕಂಡು ಅದೇ ಇನ್‌ಫ್ಲುಯೆಂಜಾದ ಕಾರಣವೆಂದು ಸಾರಿದ್ದನು. 1918ರಲ್ಲಿ ಜಗತ್ತಿನ ವೈದ್ಯರು ಆ ಸೂಕ್ಷ್ಮಾಣುವಿನ ಬೆನ್ನು ಹತ್ತಿದರು. ಅದು ನಿಜವಾದ ಅಪರಾಧಿಯಾಗಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಬೇರ್ಪಡಿಸಿದ್ದು 1933ರಲ್ಲಿ, ಇಂಗ್ಲೆಂಡಿನ ಸ್ಮಿತ್, ಆಂಡ್ರೂಸ್, ಲೈಡ್ಲಾ ಎಂಬ ಮೂವರು. 1918ರ ವೈರಾಣುವಿನ ಸ್ವರೂಪ ತಿಳಿಯಲು ಇನ್ನೂ ಬಹುಕಾಲ ಬೇಕಾಯಿತು. ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಹಿಮಪ್ರದೇಶದ ಕುಗ್ರಾಮದಲ್ಲಿ 1918ರ ನವೆಂಬರಿನಲ್ಲಿ 80 ಮಂದಿ ವಯಸ್ಕರ ಪೈಕಿ 72 ಮಂದಿ ಕೆಲವೇ ದಿನಗಳಲ್ಲಿ ಮೃತರಾಗಿ ಹೆಪ್ಪುಗಟ್ಟಿದ ನೆಲದಲ್ಲಿ ಹೂಳಲ್ಪಟ್ಟಿದ್ದರು. ಯೋಹಾನ್ ಹುಲ್ಟಿನ್ ಎಂಬ ಸಂಶೋಧಕನು 1951ರಲ್ಲಿ ಆ ಸಮಾಧಿಯನ್ನು ತೆರೆದು ಪ್ರಯತ್ನಿಸಿ ವಿಫಲನಾದನು. ನಲವತ್ತಾರು ವರ್ಷಗಳ ತರುವಾಯ, ತನ್ನ 72ನೆಯ ವಯಸ್ಸಿನಲ್ಲಿ, 1997ರಲ್ಲಿ ಮತ್ತೆ ಅಲ್ಲಿಗೆ ಹೋಗಿ, ಗ್ರಾಮದ ಹಿರಿಯರ ಅನುಮತಿ ಪಡೆದು, ಹಿಮದಲ್ಲಿ ಕೆಡದೆ ಉಳಿದಿದ್ದ ಶ್ವಾಸಕೋಶದ ತುಣುಕನ್ನು ತಂದನು. ಅದನ್ನೂ, ಸೈನ್ಯದ ಸಂಗ್ರಹದಲ್ಲಿದ್ದ ಹಳೆಯ ತುಣುಕುಗಳನ್ನೂ ಆಧಾರವಾಗಿಟ್ಟುಕೊಂಡು ಟೌಬೆನ್‌ಬರ್ಗರ್ ಮತ್ತು ಅವನ ಸಂಗಡಿಗರು 2005ರ ವೇಳೆಗೆ ಆ ವೈರಾಣುವಿನ ಸಂಪೂರ್ಣ ವಂಶಲಿಪಿಯನ್ನು ಓದಿ ಮುಗಿಸಿದರು. ಎಚ್1ಎನ್1 ಎಂಬ ವರ್ಗಕ್ಕೆ ಸೇರಿದ ಅದರ ವಂಶಲಿಪಿ ಪಕ್ಷಿಗಳ ವೈರಾಣುವನ್ನು ಬಹುಮಟ್ಟಿಗೆ ಹೋಲುತ್ತಿತ್ತು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಐವತ್ತು ವರ್ಷಗಳಷ್ಟು ತಾಳ್ಮೆಯಿಂದ ಮೂಲವನ್ನು ಅರಸಿದ ಈ ವಿಜ್ಞಾನಿಗಳು ಯಾವ ಜನಾಂಗವನ್ನೂ ದೂಷಿಸಲಿಲ್ಲ. ಕಾಡುಹಕ್ಕಿಗಳ ಕರುಳಿನಲ್ಲಿ ನಿರಪಾಯವಾಗಿ ಬಾಳುವ ವೈರಾಣುಗಳು ಆಗಾಗ ರೂಪವನ್ನು ಬದಲಿಸುತ್ತವೆ, ಸಾಕುಪ್ರಾಣಿಗಳಿಗೂ ಅಲ್ಲಿಂದ ಮನುಷ್ಯರಿಗೂ ದಾಟುತ್ತವೆ, ಮನುಷ್ಯನಿಂದ ಮನುಷ್ಯನಿಗೆ ಹರಡುವ ಶಕ್ತಿ ಬಂದೊಡನೆ ಮಹಾಮಾರಿಯಾಗುತ್ತವೆ ಎಂಬುದನ್ನು ಅವರ ಶಾಸ್ತ್ರ ತಿಳಿಸಿತು. ಇದು ನಿದಾನ. ಇಂತಹ ಜ್ಞಾನದಿಂದಲೇ ಮುಂದಿನ ಅಪಾಯವನ್ನು ಮೊದಲೇ ಅರಿಯುವ, ಲಸಿಕೆಯನ್ನು ಸಿದ್ಧಪಡಿಸುವ ದಾರಿ ತೆರೆಯುತ್ತದೆ. ನಿಂದೆಯಿಂದ ಇಂದಿನವರೆಗೆ ಒಂದು ಲಸಿಕೆಯೂ ಹುಟ್ಟಿಲ್ಲ.

ಇನ್ನು ಪ್ರಸರಣದ ವಿಷಯ. ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಸಿಡಿಯುವ ತುಂತುರಿನಲ್ಲಿ ಈ ವೈರಾಣು ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಒಂದೆರಡು ದಿನಗಳಲ್ಲಿಯೇ ಜ್ವರ ಏರುತ್ತದೆ. ಮನುಷ್ಯನು ಎಷ್ಟು ವೇಗವಾಗಿ ಸಂಚರಿಸಬಲ್ಲನೋ ರೋಗವೂ ಅಷ್ಟೇ ವೇಗವಾಗಿ ಸಂಚರಿಸುತ್ತದೆ. 1918ರ ಮೇ ತಿಂಗಳ ಕೊನೆಯಲ್ಲಿ ಸೈನಿಕರನ್ನು ಹೊತ್ತ ಹಡಗೊಂದು ಮುಂಬಯಿಯ ಹಡಗುಕಟ್ಟೆಗೆ ಬಂದಿತು. ಜೂನ್ 10ರಂದು ಆ ಹಡಗುಕಟ್ಟೆಯ ಪಹರೆಯಲ್ಲಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅದು ಮಲೇರಿಯಾ ಅಲ್ಲವೆಂದು ವೈದ್ಯರು ಕಂಡುಕೊಂಡರು. ಕೆಲವೇ ದಿನಗಳಲ್ಲಿ ನಗರದ ಗಿರಣಿ, ಕಚೇರಿ, ಬ್ಯಾಂಕುಗಳಲ್ಲೆಲ್ಲ ಜ್ವರ ಹಬ್ಬಿತು.

ಆಗ ಎದ್ದ ವಿವಾದ ಈ ಲೇಖನದ ವಿಷಯಕ್ಕೆ ಕನ್ನಡಿ ಹಿಡಿದಂತಿದೆ. ಹಡಗಿನಿಂದಲೇ ರೋಗ ನಗರಕ್ಕೆ ಬಂದಿತೆಂದು ನಗರದ ಆರೋಗ್ಯಾಧಿಕಾರಿಯಾಗಿದ್ದ ಟರ್ನರ್ ಹೇಳಿದರು. ಹಾಗಲ್ಲ, ಹಡಗಿನವರಿಗೇ ಮುಂಬಯಿಯಲ್ಲಿ ರೋಗ ತಗುಲಿತೆಂದು ಆಂಗ್ಲ ಸರಕಾರ ವಾದಿಸಿತು. ತನ್ನ ಸೈನ್ಯದ ಹಡಗು ರೋಗವಾಹಕವೆಂದು ಒಪ್ಪಿಕೊಳ್ಳುವುದಕ್ಕಿಂತ ಇಲ್ಲಿನ ಜನರ ಕೊಳಕನ್ನು ಕಾರಣವಾಗಿ ತೋರಿಸುವುದು ಪ್ರಭುತ್ವಕ್ಕೆ ಸುಲಭವಾಗಿತ್ತು. 'ಯಾರಿಂದ' ಎಂಬ ಜಗಳ ಹೀಗೆ ನಡೆದಿರುವಾಗ 'ಯಾವ ದಾರಿಯಿಂದ' ಎಂಬ ಪ್ರಶ್ನೆಗೆ ರೋಗವೇ ಉತ್ತರ ಕೊಡತೊಡಗಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಬಂದರಿಗೆ ಬಂದ ಜ್ವರ ರೈಲುನಿಲ್ದಾಣಕ್ಕೂ ಬಂದಿತು. ಆ ಹೊತ್ತಿಗೆ ಹಿಂದೂಸ್ಥಾನದ ಉದ್ದಗಲಕ್ಕೂ ಹಬ್ಬಿದ್ದ ಉಕ್ಕಿನ ಹಳಿಗಳು ಧಾನ್ಯವನ್ನೂ ಸೈನಿಕರನ್ನೂ ಒಯ್ದಷ್ಟೇ ನಿರ್ವಿಕಾರವಾಗಿ ರೋಗವನ್ನೂ ಒಯ್ದವು. ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾಯ್ದು ಬೆಂಗಳೂರನ್ನು ಮುಟ್ಟುವ ಹಳಿ ಆಗಾಗಲೇ ಇದ್ದಿತು. ಸೊಲ್ಲಾಪುರದ ಕಡೆಯಿಂದ ವಿಜಾಪುರದ ಮೇಲೆ ಗದಗನ್ನು ಸೇರುವ ಹಳಿಯೂ ಇದ್ದಿತು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಾಗಲಿ ಮೈಸೂರು ಸಂಸ್ಥಾನವಾಗಲಿ ಈ ಜ್ವರದಿಂದ ಪಾರಾಗಲಿಲ್ಲ.

ಬೇಸಗೆಯ ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಮರಳಿದ ಎರಡನೆಯ ಅಲೆ ಯಮಸ್ವರೂಪಿಯಾಗಿತ್ತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರವೊಂದರಲ್ಲಿ 768 ಮಂದಿ ಮೃತರಾದರು. ಸಾಮಾನ್ಯವಾಗಿ ಇಂತಹ ಜ್ವರಕ್ಕೆ ಬಲಿಯಾಗುವವರು ಹಸುಳೆಗಳು, ಮುದುಕರು. ಈ ಸಲ ಇಪ್ಪತ್ತರಿಂದ ನಲವತ್ತರ ಪ್ರಾಯದವರು, ಸಂಸಾರದ ಭಾರ ಹೊತ್ತವರು, ಮೊದಲು ಬಿದ್ದರು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಬೆಳೆ ಒಣಗಿತ್ತು, ಯುದ್ಧದ ದೆಸೆಯಿಂದ ಕಾಳುಕಡಿಗಳ ಬೆಲೆ ಗಗನಕ್ಕೇರಿತ್ತು. ಹೊಟ್ಟೆಗಿಲ್ಲದ ದೇಹದ ಮೇಲೆ ರೋಗ ಎರಗಿತು. ವೈದ್ಯರಲ್ಲಿ ಅನೇಕರು ಯುದ್ಧಸೇವೆಗೆಂದು ದೂರದೇಶಗಳಲ್ಲಿದ್ದರು.

ಹಿಂದೀ ಸಾಹಿತ್ಯದ ಮಹಾಕವಿ ಸೂರ್ಯಕಾಂತ ತ್ರಿಪಾಠಿ 'ನಿರಾಲಾ' ಅವರು ಆಗ ಇನ್ನೂ ತರುಣರು. ಹೆಂಡತಿಗೆ ಕಾಯಿಲೆಯೆಂದು ಸುದ್ದಿ ಬಂದು ಹೊರಟರು. ತಲಪುವಷ್ಟರಲ್ಲಿ ಆಕೆ ಇರಲಿಲ್ಲ. ಅಲ್ಪಕಾಲದಲ್ಲಿಯೇ ಬಂಧುಗಳನೇಕರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗಂಗೆ ಶವಗಳಿಂದ ತುಂಬಿಹೋದುದನ್ನು ಅವರು 'ಕುಲ್ಲೀ ಭಾಟ್' ಎಂಬ ತಮ್ಮ ಕೃತಿಯಲ್ಲಿ ಸ್ಮರಿಸಿದ್ದಾರೆ. ಇಂತಹ ಮನೆಗಳು ಅಂದು ಎಷ್ಟು ಲಕ್ಷ! ಭಾರತದಲ್ಲಿ ಮಡಿದವರ ಸಂಖ್ಯೆಯನ್ನು ಸರಕಾರ ಮೊದಲು ಅರುವತ್ತು ಲಕ್ಷವೆಂದು ಅಂದಾಜು ಮಾಡಿತ್ತು. ತರುವಾಯದ ವಿದ್ವಾಂಸರು ಒಂದೂಕಾಲು ಕೋಟಿಯಿಂದ ಎರಡು ಕೋಟಿಯವರೆಗೆ ಎಣಿಸಿದ್ದಾರೆ. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಹತ್ತು ವರ್ಷಕ್ಕೊಮ್ಮೆ ನಡೆಯುತ್ತ ಬಂದ ನಮ್ಮ ಜನಗಣತಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಹೀಗಾದದ್ದು ಅದೊಂದೇ ಸಲ.

ಇನ್ನೊಂದು ಲೆಕ್ಕವನ್ನು ಓದುವಾಗ ಸಹೃದಯನ ಮನಸ್ಸು ಕಲಕದಿರಲಾರದು. ಮುಂಬಯಿ ನಗರದಲ್ಲಿ ಈ ಜ್ವರದಿಂದ ಸತ್ತವರ ಪ್ರಮಾಣ ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3, ಅಂದಿನ ದಾಖಲೆಗಳು 'ಕೆಳಜಾತಿಯ ಹಿಂದೂಗಳು' ಎಂದು ಹೆಸರಿಸಿದ ಜನರಲ್ಲಿ ಸಾವಿರಕ್ಕೆ 61.6, ಉಳಿದ ಹಿಂದೂಗಳಲ್ಲಿ 18.9. ವೈರಾಣುವಿಗೆ ಕುಲಭೇದ ತಿಳಿಯದು. ಅದು ಹೊಕ್ಕ ಮನೆಗಳಲ್ಲಿ ಮಾತ್ರ ಭೇದವಿತ್ತು. ಗಾಳಿ ಆಡದ ಕೋಣೆಯೊಂದರಲ್ಲಿ ಹತ್ತು ಮಂದಿ ಮಲಗುವವರು, ದಿನಗೂಲಿ ತಪ್ಪಿದರೆ ಗಂಜಿಗೂ ಗತಿಯಿಲ್ಲದವರು, ವೈದ್ಯನು ಮೆಟ್ಟಿಲು ತುಳಿಯಲೊಲ್ಲದ ಕೇರಿಗಳವರು ಎಂಟು ಮಂದಿಗೆ ಅರುವತ್ತು ಮಂದಿಯ ಲೆಕ್ಕದಲ್ಲಿ ಸತ್ತರು. ಹಾಗೆಯೇ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಸತ್ತರು. ಕಡೆಯಲ್ಲಿ ಉಣ್ಣುವವಳು, ಮೊದಲು ಎದ್ದು ರೋಗಿಯ ಶುಶ್ರೂಷೆಗೆ ನಿಲ್ಲುವವಳು ಬದುಕುವುದಾದರೂ ಹೇಗೆ? ಈ ರೋಗದ ಹುಟ್ಟೂರನ್ನು ಕ್ಯಾನ್ಸಸ್ಸಿನಲ್ಲಿ ಹುಡುಕುವವರು ಹುಡುಕಲಿ. ಆದರೆ ಅದು ಕೊಂದ ಪರಿಯ ಮೂಲವನ್ನು ಹುಡುಕಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ; ನಮ್ಮ ಊರಿನ ಕೇರಿಗೂ ನಮ್ಮ ಮನೆಯ ಅಡಿಗೆಮನೆಗೂ ಹೋದರೆ ಸಾಕು.

ನಮ್ಮ ಪ್ರಾಚೀನರು ಈ ವಿಚಾರದಲ್ಲಿ ತೋರಿದ ವಿವೇಕ ಮನನೀಯವಾಗಿದೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ 'ಜನಪದೋದ್ಧ್ವಂಸ'ವನ್ನು ಕುರಿತದ್ದು. ಭಿನ್ನ ಭಿನ್ನ ಪ್ರಕೃತಿ, ಆಹಾರ, ವಯಸ್ಸುಗಳುಳ್ಳ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶವಾಗುವುದು ಹೇಗೆಂದು ಶಿಷ್ಯ ಅಗ್ನಿವೇಶನು ಕೇಳುತ್ತಾನೆ. ಎಲ್ಲರಿಗೂ ಸಮಾನವಾಗಿರುವ ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಕೆಟ್ಟಾಗ ಹೀಗಾಗುವುದೆಂದು ಗುರು ಆತ್ರೇಯನು ಉತ್ತರಿಸುತ್ತಾನೆ; ಇವು ಕೆಡುವುದಕ್ಕೆ ಮೂಲವೇನೆಂದರೆ ಅಧರ್ಮವೆನ್ನುತ್ತಾನೆ, ದೇಶವನ್ನು ಆಳುವವರು ಧರ್ಮವನ್ನು ಬಿಟ್ಟಾಗ ಅವರ ನಡತೆ ಪ್ರಜೆಗಳಲ್ಲಿಯೂ ಹಬ್ಬುವುದೆನ್ನುತ್ತಾನೆ, ಯುದ್ಧದಿಂದಾಗುವ ನಾಶವನ್ನೂ ಇದೇ ಸಾಲಿನಲ್ಲಿ ಎಣಿಸುತ್ತಾನೆ. ಚರಕನ ಕಾಲದಲ್ಲಿ ವೈರಾಣುವಿನ ಜ್ಞಾನವಿತ್ತೆಂದು ಹೇಳುವುದು ಸಾಹಸವಾದೀತು. ಅಂತಹ ಹೆಮ್ಮೆ ನಮಗೆ ಬೇಡ. ಆದರೆ ಆ ಅಧ್ಯಾಯದಲ್ಲಿ ಒಂದು ವಿಶೇಷವಿದೆ. ಮಹಾಮಾರಿಯ ಕಾರಣವನ್ನು ಹೇಳುವಲ್ಲಿ ಪರದೇಶದವರ, ಪರಕುಲದವರ ಹೆಸರೇ ಬರುವುದಿಲ್ಲ. ಬೆರಳು ಹೊರಗೆ ತೋರುವುದಿಲ್ಲ, ಒಳಕ್ಕೆ ತಿರುಗುತ್ತದೆ.

ರೋಗವನ್ನು ತಡೆಯುವ ಬಗೆಯನ್ನಾದರೂ 1918 ಕಲಿಸಿತೆಂಬುದಕ್ಕೆ ಎರಡು ದೃಷ್ಟಾಂತಗಳಿವೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಜನ ಒಂದೇ, ಭಾಷೆ ಒಂದೇ, ಬಾಳುವೆ ಒಂದೇ, ಆಳ್ವಿಕೆ ಎರಡಾಗಿತ್ತು. ಪಶ್ಚಿಮದ ದ್ವೀಪಗಳು ನ್ಯೂಜಿಲೆಂಡಿನ ಕೈಯಲ್ಲಿದ್ದವು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ 'ತಾಲೂನೆ' ಎಂಬ ಹಡಗಿನಲ್ಲಿ ರೋಗಿಗಳಿದ್ದರೂ ಅಧಿಕಾರಿಗಳು ತಡೆಯದೆ ಜನರನ್ನು ಇಳಿಯಗೊಟ್ಟರು. ಅಲ್ಲಿನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಸತ್ತುಹೋಯಿತು. ಪೂರ್ವದ ದ್ವೀಪಗಳನ್ನು ಆಳುತ್ತಿದ್ದ ಅಮೆರಿಕದ ನೌಕಾಧಿಕಾರಿ ಪೋಯರ್, ರೋಗದ ಸುದ್ದಿ ತಿಳಿದೊಡನೆ ಹಡಗುಗಳನ್ನು ತಡೆದನು. ಜನರೂ ಕರಾವಳಿಯನ್ನು ಕಾದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ಎರಡನೆಯ ದೃಷ್ಟಾಂತ ಅಮೆರಿಕದ ಫಿಲಡೆಲ್ಫಿಯಾ ನಗರದ್ದು. ರೋಗ ಊರನ್ನು ಹೊಕ್ಕಿದೆಯೆಂದು ವೈದ್ಯರು ಎಚ್ಚರಿಸಿದರೂ ಯುದ್ಧನಿಧಿಗಾಗಿ ಸೆಪ್ಟೆಂಬರ್ 28ರಂದು ಮೆರವಣಿಗೆ ನಡೆಯಿತು. ಸುಮಾರು ಎರಡು ಲಕ್ಷ ಜನ ಸೇರಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿ, ಹೂಳುವವರಿಲ್ಲದೆ ಹೆಣಗಳು ಬಿದ್ದವು. ರೋಗ ಕಾಣಿಸಿಕೊಂಡ ಒಡನೆಯೇ ಶಾಲೆ, ನಾಟಕಶಾಲೆ, ಸಭೆಗಳನ್ನು ಮುಚ್ಚಿದ ಸೇಂಟ್ ಲೂಯಿಸ್ ನಗರದಲ್ಲಿ ಸಾವು ಅದಕ್ಕಿಂತ ಬಹಳ ಕಡಿಮೆಯಾಯಿತು.

ಈ ಎರಡು ದೃಷ್ಟಾಂತಗಳಲ್ಲಿಯೂ ಬದುಕಿ ಉಳಿದವರು ರೋಗ ಯಾರದೆಂದು ಕೇಳುತ್ತ ಕೂಡಲಿಲ್ಲ. ಅದು ಬರುವ ದಾರಿಯನ್ನು ತಿಳಿದು ಕಟ್ಟಿದರು. ದಾರಿ ತಿಳಿಯಬೇಕಾದರೆ ಸುದ್ದಿ ನಿಜವಾಗಿರಬೇಕು. ಸುದ್ದಿ ನಿಜವಾಗಿರಬೇಕಾದರೆ ನಿಜವನ್ನು ಹೇಳಿದವನಿಗೆ ಕೇಡಾಗಬಾರದು. ಸ್ಪೇನಿಗೆ ಅಂಟಿದ ಹೆಸರು ಮಾಡಿದ ಕೇಡು ಇದೇ. ಸುದ್ದಿ ಕೊಟ್ಟವರಿಗೆ ಕಳಂಕ ತಪ್ಪದೆಂದಾದರೆ ಮುಂದಿನ ಸಲ ಯಾವ ದೇಶ ತಾನೇ ಬಾಯಿ ತೆರೆದೀತು? ನೂರು ವರ್ಷಗಳ ಮೇಲೆಯೂ ಈ ಭಯ ಹಾಗೆಯೇ ಉಳಿದಿತ್ತು. 2019ರ ಡಿಸೆಂಬರ್ ಕೊನೆಯಲ್ಲಿ ಚೀನಾ ದೇಶದ ವುಹಾನ್ ನಗರದ ನೇತ್ರವೈದ್ಯ ಲೀ ವೆನ್‌ಲಿಯಾಂಗ್ ಹೊಸ ಶ್ವಾಸರೋಗದ ಬಗೆಗೆ ತನ್ನ ಸಹೋದ್ಯೋಗಿಗಳನ್ನು ಎಚ್ಚರಿಸಿದಾಗ, ಸುಳ್ಳು ಹಬ್ಬಿಸುತ್ತಿದ್ದಾನೆಂದು ಪೊಲೀಸರು ಆತನನ್ನು ಕರೆಸಿ ಎಚ್ಚರಿಕೆಯ ಪತ್ರಕ್ಕೆ ರುಜು ಹಾಕಿಸಿಕೊಂಡರು. 2020ರ ಫೆಬ್ರವರಿಯಲ್ಲಿ ಅದೇ ರೋಗದಿಂದ ಆತನು ತೀರಿಕೊಂಡನು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಊರಿನ ಹೆಸರು ಹೇಳಬಾರದೆಂದರೆ ತಪ್ಪಿತಸ್ಥರನ್ನು ಬಿಟ್ಟುಕೊಟ್ಟಂತಾಗಲಿಲ್ಲವೆ? ರೋಗದ ಸುದ್ದಿಯನ್ನು ಮುಚ್ಚಿಟ್ಟ ಸರಕಾರಕ್ಕೆ ಜವಾಬ್ದಾರಿಯಿಲ್ಲವೆ? ಖಂಡಿತವಾಗಿ ಇದೆ. ಮುಚ್ಚಿಟ್ಟವನನ್ನು ಹೆಸರು ಹಿಡಿದೇ ಕೇಳಬೇಕು, ಕೊವಿಡ್ ವೈರಾಣು ಮನುಷ್ಯರನ್ನು ಹೇಗೆ ಸೇರಿತೆಂಬ ಇನ್ನೂ ಬಗೆಹರಿಯದ ಪ್ರಶ್ನೆಗೆ ಉತ್ತರ ದೊರೆಯುವವರೆಗೂ ಕೇಳುತ್ತಲೇ ಇರಬೇಕು, ಅಡ್ಡಿಪಡಿಸುವವರನ್ನು ಖಂಡಿಸಬೇಕು. ಆದರೆ ಅಧಿಕಾರಿಯ ಅಪರಾಧವನ್ನು ಅವನ ಕೈಕೆಳಗೆ ಬಾಳಿ ಎಲ್ಲರಿಗಿಂತ ಮೊದಲು ಸತ್ತ ಪ್ರಜೆಗಳ ಮೇಲೆ ಹೊರಿಸುವುದು ಯಾವ ನ್ಯಾಯ? ಊರಿನ ಹೆಸರು ರೋಗಕ್ಕೆ ಅಂಟಿದಾಗ ಆಗುವುದು ಇದೇ. ಅದು ಅಪರಾಧಿಯನ್ನು ಗುಂಪಿನಲ್ಲಿ ಮರೆಮಾಡುತ್ತದೆ, ನಿರಪರಾಧಿಯನ್ನು ಎತ್ತಿ ತೋರಿಸುತ್ತದೆ. ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ 2002ರಲ್ಲಿ ಸಮೋವಾದ ಜನರ ಕ್ಷಮೆ ಕೇಳಿದಾಗ, ತನ್ನ ದೇಶದ ಅಧಿಕಾರಿಗಳ ತಪ್ಪನ್ನು ತಪ್ಪೆಂದೇ ಕರೆದರು. ಜವಾಬ್ದಾರಿ ಹೊರುವ ಸರಿಯಾದ ರೀತಿ ಅದು.

ಹೆಸರಿನ ಅನರ್ಥ ಪ್ರಾಣಿಗಳನ್ನೂ ಬಿಟ್ಟಿಲ್ಲ. 2009ರಲ್ಲಿ 1918ರ ವೈರಾಣುವಿನ ವಂಶಕ್ಕೆ ಸೇರಿದ ಹೊಸ ಎಚ್1ಎನ್1 ಹರಡಿದಾಗ ಅದಕ್ಕೆ 'ಹಂದಿಜ್ವರ' ಎಂಬ ಹೆಸರು ಬಿದ್ದಿತು. ಈಜಿಪ್ಟ್ ದೇಶದ ಸರಕಾರ ಅಲ್ಲಿ ರೋಗ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಲು ಅಪ್ಪಣೆ ಮಾಡಿತು. ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಅನ್ವಯಿಸೀತು? ಕೈರೋ ನಗರದ ಕಸವನ್ನು ಎತ್ತಿ ಹಂದಿ ಸಾಕಿ ಬಾಳುತ್ತಿದ್ದ ಬಡಜನರು ಜೀವನೋಪಾಯ ಕಳೆದುಕೊಂಡರು. ಬೀದಿಗಳಲ್ಲಿ ಕಸ ರಾಶಿಯಾಯಿತು.

ನಾವು ಕನ್ನಡಿಗರು ಈ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಸೂಕ್ಷ್ಮಮತಿಗಳಾಗಿರಬೇಕು. ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ನಾಡಿನ ಕಾಡೊಂದರ ಹೆಸರು ರೋಗದ ಹೆಸರಾಗಿ ಸೇರಿಹೋಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೂ ಜ್ವರ ಬಂದಿತು. ಉಣುಗಿನ ಕಡಿತದಿಂದ ಬರುವ ಆ ರೋಗ ಅಂದಿನಿಂದ 'ಕ್ಯಾಸನೂರು ಕಾಡಿನ ಕಾಯಿಲೆ'. ಕ್ಯಾಸನೂರಿನವರು ಮಾಡಿದ ಪಾಪವೇನು? ತಾವೇ ಮೊದಲು ನರಳಿದರು, ಅಷ್ಟೆ. ನಾವು ಅದನ್ನು 'ಮಂಗನ ಕಾಯಿಲೆ' ಎಂದಾಗಲಾದರೂ ಮಂಗ ಮಾಡಿದ ತಪ್ಪೇನು? ಅದೂ ನಮ್ಮ ಹಾಗೆಯೇ ಸತ್ತಿತು. ಭಾರತದಲ್ಲಿ ಕೊವಿಡ್ ರೋಗದಿಂದ ಸಂಭವಿಸಿದ ಮೊದಲ ಸಾವು 2020ರ ಮಾರ್ಚಿಯಲ್ಲಿ ನಮ್ಮ ಕಲಬುರಗಿಯವರದು. ಆ ರೋಗವನ್ನು ಯಾರಾದರೂ 'ಕಲಬುರಗಿ ಜ್ವರ' ಎಂದಿದ್ದರೆ ನಮಗೆ ಹೇಗಾಗುತ್ತಿತ್ತು? ಆದರೂ ಅದೇ ತಿಂಗಳ ಕೊನೆಯಲ್ಲಿ ಸಂಸ್ಕೃತಿಯ ಬೀಡೆನಿಸಿದ ಮೈಸೂರಿನಲ್ಲಿ, ಮುಖಲಕ್ಷಣವನ್ನು ನೋಡಿ, ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ಅಂಗಡಿಯೊಂದರ ಒಳಗೆ ಬಿಡಲಿಲ್ಲ. ಅವರು ನಮ್ಮ ದೇಶದವರೇ, ನಮ್ಮ ಊರಿನಲ್ಲಿ ಓದಲು ಬಂದ ಮಕ್ಕಳು. ದೂರದ ನಗರವೊಂದರ ಹೆಸರು ರೋಗಕ್ಕೆ ಅಂಟಿದ್ದರ ಫಲ ನಮ್ಮ ಮನೆಬಾಗಿಲಿಗೆ ಹೀಗೆ ಬಂದಿತು.

ವಿಶ್ವ ಆರೋಗ್ಯ ಸಂಸ್ಥೆಯು ಹೊಸ ರೋಗಗಳಿಗೆ ಊರು, ಜನ, ಪ್ರಾಣಿ, ವೃತ್ತಿಗಳ ಹೆಸರಿಡಬಾರದೆಂದು 2015ರಲ್ಲಿ ಸೂಚಿಸಿತು; ಅದರಂತೆಯೇ 2020ರ ಫೆಬ್ರವರಿ 11ರಂದು ಕೊವಿಡ್-19 ಎಂಬ ಹೆಸರನ್ನಿಟ್ಟಿತು. ಒಳ್ಳೆಯ ನಿಯಮವೇ. ಆದರೆ ನಾಲಗೆಯ ಮೇಲಿನ ಹೆಸರನ್ನು ನಿಯಮವೊಂದೇ ಅಳಿಸಲಾರದು, ಶಿಕ್ಷಣ ಅಳಿಸಬಲ್ಲದು. ಆದುದರಿಂದ ನಮ್ಮ ಅಧ್ಯಾಪಕಮಿತ್ರರಲ್ಲಿ ಒಂದು ವಿಜ್ಞಾಪನೆ. ಮೊದಲನೆಯ ಮಹಾಯುದ್ಧದ ಪಾಠ ಹೇಳುವಾಗ ಕದನಗಳ ಇಸವಿಗಳ ಜೊತೆಯಲ್ಲಿ ಈ ಜ್ವರದ ಕಥೆಯನ್ನೂ ಹೇಳಿರಿ. ಸ್ಪೇನಿನ ಹೆಸರು ಅದಕ್ಕೆ ಏಕೆ ಬಂದಿತೆಂಬುದನ್ನು ವಿವರಿಸಿರಿ. ಸಾವಿರಕ್ಕೆ ಎಂಟು, ಸಾವಿರಕ್ಕೆ ಅರುವತ್ತೊಂದು ಎಂಬ ಆ ಎರಡು ಅಂಕೆಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಿರಿ. ವ್ಯಾಕರಣದ ಪಾಠದಲ್ಲಿ ಅನ್ವರ್ಥನಾಮಕ್ಕೆ ಉದಾಹರಣೆ ಕೊಡುವಾಗ ಅನರ್ಥನಾಮಕ್ಕೂ ಒಂದು ಉದಾಹರಣೆ ಕೊಡಿರಿ.

ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ಮುಂದೆಯೂ ಮಹಾಮಾರಿಗಳು ಬರುತ್ತವೆ. ಹಕ್ಕಿಗಳಿರುವವರೆಗೆ, ಹಡಗು ವಿಮಾನಗಳಿರುವವರೆಗೆ ಅವು ಬಾರದಿರವು. ಆ ದಿನ ನೀವು ವೈದ್ಯರಾಗಿರಬಹುದು, ಅಧಿಕಾರಿಗಳಾಗಿರಬಹುದು, ಪತ್ರಿಕೆ ನಡೆಸುವವರಾಗಿರಬಹುದು, ಇಲ್ಲವೆ ಅಂಗಡಿಯ ಬಾಗಿಲಲ್ಲಿ ನಿಂತವರಾಗಿರಬಹುದು. ಆಗ ಈ ರೋಗ ಎಲ್ಲಿಂದ ಬಂದಿತೆಂದು ಕೇಳಿರಿ, ಯಾವ ದಾರಿಯಿಂದ ಬಂದಿತೆಂದು ಕೇಳಿರಿ, ಯಾವ ಕೇರಿಯಲ್ಲಿ ಹೆಚ್ಚಾಗಿ ಕೊಲ್ಲುತ್ತಿದೆಯೆಂದು ಕೇಳಿರಿ, ಯಾರು ಮುಚ್ಚಿಟ್ಟರೆಂದೂ ಕೇಳಿರಿ. ನಿಮ್ಮ ಬಾಗಿಲಿಗೆ ಬಂದವನ ಮುಖವನ್ನು ನೋಡಿ ಮಾತ್ರ ಕೇಳಬೇಡಿರಿ.